ಸಾಹುಕಾರನ ಮಗನ ಬುತ್ತಿ

ನಾನೂ ಸಾಹುಕಾರನ ಮಗನೂ ತಿಕೋಟಾದವರು, ಒಂದೇ ವಯಸ್ಸಿನವರು. ಅರವತ್ತರ ದಶಕದ ಆರಂಭದಲ್ಲಿ ವಿಜಾಪುರದ ಹೈಸ್ಕೂಲಿಗೆ ಸೇರಿ ಬಾಡಿಗೆಯ ಒಂದೇ ಖೋಲಿಯಲ್ಲಿದ್ದೆವು. ನನ್ನ ಅಪ್ಪ ಅವರ ಹೊಲದ ಆಳು. ಹಾಗಾಗಿ ಖೋಲಿಯಲ್ಲಿ ನಾನೂ ಆಳೇ.

ಬೆಳಗಿನ ಬಸ್ಸಿಗೆ ಊರಿನಿಂದ ಇಬ್ಬರ ಬುತ್ತಿಯೂ ಬರುತ್ತಿತ್ತು. ನನ್ನದು ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಚಟ್ನಿ. ಅವನದು ಹಿತ್ತಾಳೆಯ ಡಬ್ಬಿ, ಮುಚ್ಚಳ ತೆಗೆದರೆ ತುಪ್ಪದ ವಾಸನೆ. ಸ್ಟ್ಯಾಂಡಿಗೆ ಓಡಿ ಎರಡನ್ನೂ ತರುವವನು ನಾನು. ಅವನು ಉಂಡು ಸಾಲೆಗೆ ಹೋಗುತ್ತಿದ್ದ. ನಾನು ಡಬ್ಬಿ ತೊಳೆದು, ಬಸ್ಸು ಊರಿಗೆ ತಿರುಗುವುದರೊಳಗೆ ಕಂಡಕ್ಟರನ ಕೈಗೆ ಕೊಟ್ಟು ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಮೊದಲ ತಾಸು ಗಣಿತ. ತಡವಾಗಿ ಬಂದವರನ್ನು ಮಾಸ್ತರರು ಒಳಗೆ ಬಿಡುತ್ತಿರಲಿಲ್ಲ. ಲೆಕ್ಕವನ್ನೆಲ್ಲ ಹೊರಗೆ ನಿಂತು ಕೇಳಿದೆ, ಹಲಗೆ ಕಾಣುತ್ತಿರಲಿಲ್ಲ.

ವರ್ಷದ ಕೊನೆಗೆ ನಾನು ಗಣಿತದಲ್ಲಿ ನಪಾಸು. ಬಬಲೇಶ್ವರದ ಕಡೆಯ ಆ ಮಾಸ್ತರರು ಎಲ್ಲರ ಮುಂದೆ ಅಂದರು: "ಒಂದ ಊರು, ಒಂದ ಖೋಲಿ, ಒಂದ ಸಾಲಿ. ಅಂವ ಪಾಸಾದ, ನಿನಗೇನಾಗಿತ್ತಲೇ? ಬುದ್ಧಿ ರಕ್ತದಾಗ ಬರಬೇಕು." ಕಾರಣ ಗೊತ್ತಿದ್ದವನು ಪಕ್ಕದಲ್ಲೇ ಉಗುರು ಕಚ್ಚುತ್ತ ಕೂತಿದ್ದ, ತುಟಿ ಬಿಚ್ಚಲಿಲ್ಲ. ಮಾಸ್ತರರ ಮೇಲಿನ ಸಿಟ್ಟು ಇಳಿದಿದೆ. ಅವನ ಮೇಲಿನದು ಇಂದಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಇನ್ನೊಮ್ಮೆ ನಪಾಸಾದರೆ ನಾನೂ ಅವರ ಹೊಲಕ್ಕೇ. ಮುಂದಿನ ಜೂನಿನಿಂದ ನನ್ನ ಗಂಟನ್ನಷ್ಟೇ ಬಸ್ಸಿನಿಂದ ಇಳಿಸಿಕೊಂಡೆ. ಅವನ ಡಬ್ಬಿ ತುಂಬಿದ್ದು ತುಂಬಿದಂತೆಯೇ ತಿಕೋಟಾಕ್ಕೆ ಮರಳಿತು. ಹಸಿವೆಂದರೇನು ಅವನಿಗೂ ಗೊತ್ತಾಗಲಿ ಎಂದು ಕಾದೆ. ಆಸಾಮಿ ಖಾನಾವಳಿಗೆ ಹೋಗಿ ಉಂಡು ಬಂದ, ಇನ್ನು ಡಬ್ಬಿ ಬೇಡವೆಂದು ಮನೆಗೂ ಹೇಳಿ ಕಳಿಸಿದ! ಸೇಡು ತೀರಿಸಿಕೊಳ್ಳಲಿಕ್ಕೂ ಆಸ್ತಿ ಬೇಕು ನೋಡಿ. ಆದರೆ ಗಂಟೆಗೆ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ, ಹಠ ಹಿಡಿದು ಕಲಿತೆ, ಪಾಸಾದೆ.

ಸುದ್ದಿ ತಿಳಿದ ಸಾಹುಕಾರ ತನ್ನ ಕಟ್ಟೆಯ ಮೇಲೆ ಕೂತು ಊರವರೆದುರು, ರಜೆಗೆ ಬಂದಿದ್ದ ನಾನೂ ನಿಂತಿರುವಾಗಲೇ, ಅಪ್ಪನಿಗೆ ಹೇಳಿದ: "ನನ್ನ ಮಗನ ಸಂಗಾಟ ಇದ್ದು ನಿನ್ನ ಮಗಾನೂ ಶಾಣ್ಯಾ ಆದ ನೋಡು."

"ಇಲ್ರಿ ಸಾವಕಾರ್ರ," ಎಂದೆ. "ನಿಮ್ಮ ಮಗನ ಡಬ್ಬಿ ತೊಳಿಯೂದು ಬಿಟ್ಟೆ, ಅದಕ್ಕ ಪಾಸಾದೆ. ಅಂವ ತಾನ ತೊಳಕೊಂಡಿದ್ರ ಯಾರ ಬುದ್ಧಿ ಎಷ್ಟಂತ ಹ್ವಾದ ವರ್ಷನ ತಿಳೀತಿತ್ತು."

ಕಟ್ಟೆಯ ಮೇಲಿದ್ದವರು ಕಿಸಕ್ಕನೆ ನಕ್ಕರು. ಸಾಹುಕಾರನ ಮುಖ ಇಂಗು ತಿಂದ ಮಂಗನಂತಾಯಿತು. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಮರುದಿನದಿಂದ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನು ಕೂಲಿ ಹುಡುಕುತ್ತ ಹೊನವಾಡದವರೆಗೆ ನಡೆದ. ಬೈಯುತ್ತಾನೆಂದು ಹೆದರಿದ್ದೆ. ಸಂಜೆ ಬಂದವನೇ ಅವ್ವನನ್ನೂ ಕರೆದು ಕೂಡಿಸಿ, "ಇನ್ನೊಮ್ಮೆ ಹೇಳೋ, ಆ ಸಾವಕಾರಗ ಏನಂದಿ?" ಎಂದ.