ಹಾಲು ಕುಡಿದ ಕೇರೆ

ಕೊಪ್ಪಳ ಜಿಲ್ಲೆಯಾದ ಮರುವರ್ಷ ನಮ್ಮ ಮನೆಯ ಭತ್ತದ ಕೋಣೆಗೆ ಒಂದು ಕೇರೆಹಾವು ಸೇರಿಕೊಂಡಿತು. ನಾನಾಗ ಗಂಗಾವತಿಯ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ಊರಂಚಿಗೆ, ಕಾಲುವೆಯ ಪಕ್ಕ. ಹಾವು ಬಂದ ಎಂಟೇ ದಿನಕ್ಕೆ ಚೀಲ ಕಡಿಯುವ ಇಲಿಗಳ ಸದ್ದು ಅರ್ಧಕ್ಕಿಳಿಯಿತು. ಅವ್ವ ತೀರ್ಪು ಕೊಟ್ಟಳು: “ಇರ್ಲಿ ಬಿಡು. ನಿನಗಿಂತ ಛಲೋ ದುಡೀತೈತಿ.”

ಚಿಂತೆ ಮಾಡುವುದೇ ನನ್ನ ಖಾಯಂ ನೌಕರಿ, ಕಚೇರಿಯದು ಬರೀ ಉಪಕಸುಬು. ಮೊದಲು ಅದು ಕಚ್ಚೀತೆಂದು ಹೆದರಿದೆ. ಕೇರೆಗೆ ವಿಷವಿಲ್ಲವೆಂದು ನಾಲ್ಕು ಮಂದಿಯನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ, ಹೊರಗೆ ಹೋಗಿ ಓಣಿಯವರ ಬಡಿಗೆಗೆ ಸಿಕ್ಕೀತೆಂದು ಹೆದರಿದೆ. ಹಿತ್ತಲ ಗೋಡೆಯಲ್ಲಿ ಅದು ಓಡಾಡುವ ಬಿಲವಿತ್ತು. ಒಂದು ಮಧ್ಯಾಹ್ನ ಹಾವು ಚೀಲಗಳ ಮೇಲೆ ಮಲಗಿದ್ದಾಗ, ಒಂದು ಬೊಗಸೆ ಸಿಮೆಂಟು ಕಲಸಿ ಆ ಬಿಲ ಮುಚ್ಚಿಬಿಟ್ಟೆ. ಬಾಗಿಲ ಕೆಳಗಿನ ಸಂದಿಗೆ ಗೋಣಿತಾಟು ತುರುಕಿದೆ. ಯಾರಿಗೂ ಹೇಳಲಿಲ್ಲ. ದೊಡ್ಡ ಉಪಕಾರ ಮಾಡಿದೆನೆಂದುಕೊಂಡೆ.

ಹದಿನೈದು ದಿನದಲ್ಲಿ ಹಾವಿನ ರೀತಿಯೇ ಬದಲಾಯಿತು. ನಮ್ಮನ್ನು ಕಂಡರೆ ಸರಸರನೆ ಸಂದಿಗೆ ಸೇರುತ್ತಿದ್ದದ್ದು, ಈಗ ಬಾಗಿಲು ತೆರೆದರೆ ಬುಸುಗುಟ್ಟಿ ಮೈಮೇಲೇ ಬರುತ್ತಿತ್ತು. ಮೂತಿಯನ್ನು ಗೋಡೆಗೆ ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಿತ್ತು. ಮೈ ಬೂದಿ ಬಳಿದಂತೆ ಮಸುಕಾಯಿತು, ಕಣ್ಣುಗಳ ಮೇಲೆ ಬಿಳಿ ಪರದೆ ಕಟ್ಟಿತು. ಎದುರಿಗೇ ಇಲಿ ಓಡಾಡಿದರೂ ಕದಲಲಿಲ್ಲ. ಕುರುಡಾಯಿತೆಂದು ನನಗೆ ಊಟ ಸೇರದಾಯಿತು. ಅಂಟುರೋಗವೇನೋ ಎಂದು ನನ್ನ ಕಣ್ಣನ್ನೂ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ.

“ಪಂಚಮಿ ಬಂತಲ್ಲೋ, ಉಪಾಸ ಹಿಡದೈತಿ,” ಎಂದಳು ಅವ್ವ.

ಆ ವರ್ಷ ಅವಳು ಹುತ್ತಕ್ಕೆ ಹೋಗಲಿಲ್ಲ. ಬೆಲ್ಲದ ಹಾಲಿನ ತಂಬಿಗೆ, ಕೊಬ್ಬರಿ ಬಟ್ಟಲು ಹಿಡಿದು ಸೀದಾ ಭತ್ತದ ಕೋಣೆಗೆ ನಡೆದಳು. ಪಕ್ಕದ ಮನೆಯ ಹೆಣ್ಣುಮಗಳು ಬಾಯಿಗೆ ಸೆರಗು ಹಚ್ಚಿ ನಕ್ಕಳು: “ಕೇರಿಹಾವಿಗೆ ಯಾರರ ಹಾಲೆರಿತಾರೇನ್ರಿ ಅತ್ತಿ? ನಾಗಪ್ಪ ಸಿಟ್ಟಾಗ್ತಾನ.”

“ನಿಮ್ಮ ಮಣ್ಣಿನ ನಾಗಪ್ಪ ಯಾವತ್ತರ ಒಂದು ಇಲಿ ಹಿಡದಾನೇನವಾ?”

ಹಾವಿನ ಮುಂದೆ ತಾಟು ಸರಿಸಿ ಅವ್ವ ಎರೆಯತೊಡಗಿದಳು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಮಗನ ಪಾಲು. ಒಬ್ಬೊಬ್ಬರ ಪಾಲೆಂದು ಒಂದೊಂದು ಸಲ ಎರೆಯುವುದು ನಮ್ಮ ಕಡೆಯ ಪದ್ಧತಿ. ನಮ್ಮದು ದೊಡ್ಡ ಬಳಗ. ಯಲಬುರ್ಗಾ, ಕುಷ್ಟಗಿಯ ಬೀಗರ ಪಾಲು ಮುಗಿಯುವಷ್ಟರಲ್ಲಿ ತಾಟು ತುಂಬಿತ್ತು. ಹಾವು ನಿಧಾನ ತಲೆ ಎತ್ತಿ ತಾಟಿಗೆ ಬಾಯಿಟ್ಟಿತು. ಗಂಟಲು ಅಲುಗುವುದು ಕಾಣುವಂತೆ ಗುಟುಕು ಗುಟುಕಾಗಿ ಕುಡಿಯಿತು. ನಕ್ಕವಳು ಗಲ್ಲ ಗಲ್ಲ ಬಡಿದುಕೊಂಡಳು. ನಾನು ಕೈಮುಗಿದು ನಿಂತುಬಿಟ್ಟೆ. ಅರ್ಧ ತಾಸಿನಲ್ಲಿ ಇಡೀ ಓಣಿ ನಮ್ಮ ಬಾಗಿಲಲ್ಲಿತ್ತು. ಮನೆ ಮನೆಯಿಂದ ಮತ್ತೂ ಹಾಲು ಬಂತು. ಅದನ್ನೂ ಕುಡಿಯಿತು.

ಮರುದಿನ ಹಾವು ಬಾಯಿ ತೆರೆದು ಉಸಿರಾಡುತ್ತಿತ್ತು. ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ. ದನದ ದವಾಖಾನೆಗೆ ಓಡಿದೆ. ಎಮ್ಮೆಗೆ ಸೂಜಿ ಚುಚ್ಚುತ್ತಿದ್ದ ಡಾಕ್ಟರು ನನ್ನ ಕಡೆ ತಿರುಗದೆಯೇ ಎಲ್ಲ ಕೇಳಿಸಿಕೊಂಡರು.

“ಕಣ್ಣು ಬೆಳ್ಳಗಾಗಿದ್ದು ಪೊರಿ ಬಿಡಾಕ್ರಿ, ರೋಗಲ್ಲ. ಆವಾಗ ಹಾವು ತಿನ್ನಂಗಿಲ್ಲ, ಸಿಟ್ಟೂ ಭಾಳ. ಹಾಲು ಅದಕ್ಕ ಅರಗಂಗಿಲ್ಲ.”

“ಮತ್ತ ಕುಡೀತಲ್ರಿ ಸರ್?”

ಈಗ ತಿರುಗಿದರು. “ನೀರು ಎಲ್ಲಿ ಕುಡೀತಿತ್ರಿ ಅದು?”

“ಹೊರಗ, ಕಾಲುವಿಗೆ ಹೋಗಿ...” ಬಿಲ ಮುಚ್ಚಿದ್ದನ್ನು ಹೇಳಿಬಿಟ್ಟೆ.

ವಿಷ, ಕಣ್ಣು, ಬಡಿಗೆ, ಅಂಟುರೋಗ ಎಲ್ಲದರ ಚಿಂತೆ ಮಾಡಿದ್ದೆ. ನೀರಿನದೊಂದೇ ಹೊಳೆದಿರಲಿಲ್ಲ. ಅದು ಕುಡಿದದ್ದು ನೀರಡಿಕೆಗೆ, ನಾನು ಕೈಮುಗಿದದ್ದು ಅದರ ನೀರಡಿಕೆಗೆ.

“ಬಿಟ್ಟ ಬಿಡ್ರಿ ಅದನ್ನ. ನೀರಿಡ್ರಿ. ಉಳದ್ರ ಉಳೀತು,” ಎಂದರು ಡಾಕ್ಟರು.

ಮನೆಗೆ ಬಂದವನೇ ಹಾರೆಯಿಂದ ಸಿಮೆಂಟು ಒಡೆದೆ, ಬೋಗುಣಿಯಲ್ಲಿ ನೀರಿಟ್ಟೆ. ಹಾವು ನೀರಿನತ್ತಲೂ ಬರಲಿಲ್ಲ, ಬಿಲದತ್ತಲೂ ಹೋಗಲಿಲ್ಲ. ಸಂಜೆಯೊಳಗೆ ಸತ್ತಿತು. ತುಟಿಯ ಹತ್ತಿರ ಪೊರೆ ಬೆರಳಷ್ಟು ಬಿಚ್ಚಿತ್ತು, ಅಷ್ಟೇ.

ಅವ್ವ ಗೋಡೆಗೆ ಒರಗಿ ಕುಳಿತಳು. “ನಾನ ಕೊಂದೆನಲ್ಲೋ. ಎಲ್ಲಾರ ಪಾಲೂ ಎರದು ಕೊಂದೆ.”

“ಇಲ್ಲಬೇ ಯವ್ವ. ಬಿಲ ಮುಚ್ಚಿದವ ನಾನು.”

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ.

“ಗೊತ್ತೈತಿ,” ಎಂದಳು. “ಅವತ್ತ ನಿನ್ನ ಕೈಯಾಗಿನ ಸಿಮೆಂಟ್ ನೋಡಿದ್ನಿ.”

“ಮತ್ತ ಯಾಕ ಸುಮ್ನಿದ್ದಿ?”

“ಛಲೋ ಆತು, ಇನ್ನ ಇದು ಎಲ್ಲೂ ಹೋಗಂಗಿಲ್ಲ ಅಂತ.”

ಅವಳು ಎದ್ದು ತನ್ನ ಹಳೆಯ ಸೀರೆಯೊಂದನ್ನು ಹರಿದಳು. ಹಾವನ್ನು ಎತ್ತಿ ಅದರಲ್ಲಿಟ್ಟು, ಬಾಗಿಲಲ್ಲೇ ನಿಂತಿದ್ದ ನನಗೆ “ಈಗರ ಕೈ ಹಚ್ಚು” ಎಂದಳು. ಅಷ್ಟು ದಿನದಲ್ಲಿ ನಾನು ಅದನ್ನು ಮುಟ್ಟಿದ್ದು ಅದೇ ಮೊದಲು. ನನ್ನಷ್ಟು ಉದ್ದದ ಹಾವು, ಸೀರೆಯಷ್ಟೂ ಭಾರವಿರಲಿಲ್ಲ.