ಹೆಸರಿಡದ ಹದಿನೈದು ಮಷೀನುಗಳು

ಕೆಲವು ವಿವರಗಳು ತಪ್ಪಿರಬಹುದು. ಲೈಸೆನ್ಸ್ ಇದ್ದದ್ದು ಐದು ಮಷೀನಿಗೋ ಆರಕ್ಕೋ, ತಪಾಸಣೆಯ ದಿನ ಸೋಮವಾರವೋ ಮಂಗಳವಾರವೋ, ಈಗ ಖಚಿತವಿಲ್ಲ. ಮೊನ್ನೆ ಹಾಸನದ ಆಫೀಸಿನಲ್ಲಿ ಒಂದು ವರ್ಚುವಲ್ ಮಷೀನಿಗೆ ಆಪರೇಟಿಂಗ್ ಸಿಸ್ಟಂ ಹಾಕುತ್ತಿದ್ದೆ. ಪರದೆ ಲೈಸೆನ್ಸ್ ಕೀ ಕೇಳಿ ನಿಂತಿತು. ಆ ಖಾಲಿ ಚೌಕ ನೋಡುತ್ತಾ ಕೂತೆ... ಚನ್ನರಾಯಪಟ್ಟಣದ ಕಾಲೇಜಿನ ಲ್ಯಾಬ್ ಸಾರ್ ನೆನಪಾದರು.

ಎಂ.ಸಿ.ಎ. ಮುಗಿಸಿ ಆ ಕಾಲೇಜಿಗೆ ಪಾಠ ಹೇಳಲು ಸೇರಿದ್ದೆ. ಕೆಲಸ ಕೊಡಿಸಿದ್ದು ಅಲ್ಲಿ ಕಾರ್ಯದರ್ಶಿಯಾಗಿದ್ದ ನನ್ನ ಚಿಕ್ಕಪ್ಪ. ಲ್ಯಾಬ್ ಸಾರ್ ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಒಂದೇ ಸರ್ವರಿನೊಳಗೆ, ಬೇರೆ ಬೇರೆ ಕಂಪ್ಯೂಟರುಗಳಂತೆ ಓಡುವ ಹಲವು ವರ್ಚುವಲ್ ಮಷೀನುಗಳನ್ನು ಕಟ್ಟುತ್ತಿದ್ದರು. ಪ್ರತಿಯೊಂದಕ್ಕೂ ಮೊದಲು ಒಂದು ಊರಿನ ಹೆಸರಿಟ್ಟು, ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ಅದರ ಲೈಸೆನ್ಸ್ ಕೀ ಬರೆದುಕೊಂಡ ಮೇಲೆಯೇ ಚಾಲೂ ಮಾಡುತ್ತಿದ್ದದ್ದು.

“ಮೇಡಮ್ಮೋರೆ, ದಂಡಿಗನಹಳ್ಳಿ ಆಗ್ಲೇ ಎದ್ದು ಕೂತದೆ. ಈ ಕೊರವಂಗಲ ನೋಡಿ, ಇನ್ನೂ ಆಕಳುಸ್ತಾ ಅದೆ!”

ಕಾಲೇಜಿನ ಮಾನ್ಯತೆಗಾಗಿ ತಪಾಸಣೆ ತಂಡ ಬರುವ ಹಿಂದಿನ ದಿನ ಚಿಕ್ಕಪ್ಪ ಲ್ಯಾಬಿಗೆ ಬಂದರು. ತೋರಿಸಬೇಕಾದದ್ದು ಇಪ್ಪತ್ತು ಮಷೀನು, ಲೈಸೆನ್ಸ್ ಇದ್ದದ್ದು ಐದಕ್ಕೆ.

“ಒಂದನ್ನೇ ನಕಲು ಮಾಡಿ ಬಿಸಾಕ್ರೀ,” ಎಂದರು.

“ಅಂಗ್ ಮಾಡಕಾಗಕಿಲ್ಲ ಸಾ. ಒಂದೇ ವಠಾರದಲ್ಲಿದ್ರೂ ಒಂದೊಂದು ಸಂಸಾರಕ್ಕೂ ಬ್ಯಾರೆ ರೇಷನ್ ಕಾರ್ಡ್ ಬೇಕಲ್ವಾ? ಇದೂ ಅಂಗೇಯ.”

“ಓಹೋ, ಮಷೀನಿಗೂ ಅಕ್ಕಿ ಅಳೀತೀರೇನ್ರೀ?” ಚಿಕ್ಕಪ್ಪ ನಕ್ಕು ಹೊರಟರು.

ಆ ಸಂಜೆ ಮನೆಯಲ್ಲಿ ಅವರು ನನ್ನ ಹತ್ತಿರ, ಪಾಠಕ್ಕೆಂದು ಸಾರ್ ನನಗೆ ಕೊಟ್ಟಿದ್ದ ಸರ್ವರಿನ ಪಾಸ್‌ವರ್ಡ್ ಕೇಳಿದರು. ಕೊಟ್ಟೆ. ಯಾಕೆಂದು ಕೇಳಿದೆನೇ? ಕೇಳಿದಂತೆ ನೆನಪು... ಅದು ನನಗೆ ಅನುಕೂಲವಾದ ನೆನಪೂ ಇರಬಹುದು.

ಬೆಳಿಗ್ಗೆ ಇಪ್ಪತ್ತು ಮಷೀನುಗಳೂ ಓಡುತ್ತಿದ್ದವು. ತಂಡದವರೊಬ್ಬರು ಲೈಸೆನ್ಸ್ ತೆಗೆಸಿ ನೋಡಿದರು. ಹದಿನೈದಕ್ಕೆ ಒಂದೇ ಕೀ. ಪರದೆಯ ಮೇಲೆ ಅವುಗಳ ಹೆಸರು ನಕಲು ಒಂದು, ನಕಲು ಎರಡು, ಹೀಗೇ ಸಾಲಾಗಿತ್ತು. ಊರಿನ ಹೆಸರಿಡದೆ ಸಾರ್ ಒಂದು ಮಷೀನನ್ನೂ ಎಬ್ಬಿಸಿದವರಲ್ಲ. ಅದು ನನಗೆ ಆ ಕ್ಷಣವೇ ಹೊಳೆಯಿತು. ಇದರಲ್ಲಿ ಮಾತ್ರ ನೆನಪು ಮೋಸ ಮಾಡುತ್ತಿಲ್ಲ.

“ಲ್ಯಾಬೆಲ್ಲ ಇವರದೇ ಜವಾಬ್ದಾರಿ,” ಎಂದರು ಚಿಕ್ಕಪ್ಪ. ಸಾರ್ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಅದೇ ವಾರ ಅವರನ್ನು ಕೆಲಸದಿಂದ ತೆಗೆದರು. ಹೋಗುವಾಗ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು, “ಊರುಗಳ್ನ ನೋಡ್ಕಳಿ ಮೇಡಮ್ಮೋರೆ,” ಎಂದಷ್ಟೇ ಅಂದರು. ಕೋಪ ಮಾಡಿಕೊಂಡಿದ್ದರೆ ಇಷ್ಟು ವರ್ಷ ಹೊರುವುದು ಸುಲಭವಾಗುತ್ತಿತ್ತೇನೋ.

ಮೊನ್ನೆ ವಿಚಾರಿಸಿದೆ. ಸಾರ್ ತೀರಿಕೊಂಡು ಎರಡು ವರ್ಷವಾಯಿತಂತೆ. ಇನ್ನು ಹೇಳಬೇಕಾದದ್ದನ್ನು ಹೇಳಲು ಆ ಕಡೆ ಯಾರೂ ಇಲ್ಲ. ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. ಅವರು ಟಿ.ವಿ. ಸದ್ದು ಜೋರು ಮಾಡಿದರು. ಕೇಳಿದ್ದು ಇಷ್ಟೇ:

“ಚಿಕ್ಕಪ್ಪ, ಆವತ್ತು ನಾನು ಕೊಟ್ಟ ಪಾಸ್‌ವರ್ಡು ಯಾರ ಕೈಗೆ ಹೋಯ್ತು?”