ಮೇಲಿನ ಹಲ್ಲು, ಕೆಳಗಿನ ನೋವು

ಮಂಗಳೂರಿನ ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಹಲ್ಲಿನದು ಕೊನೆಯ ಸಾಲು. ರಕ್ತದ ಗುಂಪು, ಎದೆಯ ಸ್ಕ್ಯಾನ್, ಅಮ್ಮನ ಕಿಡ್ನಿಯ ಚಿತ್ರ, ಇಬ್ಬರ ಆಧಾರ್ ಕಾರ್ಡು ಎಲ್ಲ ಅಚ್ಚಾಗಿ ಮುಗಿದ ಮೇಲೆ, ಯಾರೋ ಆಮೇಲೆ ನೆನಪಾಗಿ ಪೆನ್ನಿನಲ್ಲಿ ಸೇರಿಸಿದಂತೆ: ಬಾಯಿಯಲ್ಲಿ ಸೋಂಕಿಲ್ಲವೆಂದು ದಂತವೈದ್ಯರ ಪತ್ರ.

ನನ್ನ ಎರಡೂ ಕಿಡ್ನಿ ಕೈಕೊಟ್ಟು ಆಗ ಎರಡು ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅಮ್ಮ ತನ್ನದೊಂದನ್ನು ಕೊಡುತ್ತೇನೆಂದು ಹಟ ಹಿಡಿದಿದ್ದಳು, ಪರೀಕ್ಷೆಗಳೂ ಅವಳ ಪಕ್ಷವೇ ವಹಿಸಿದ್ದವು. ಕೊರೊನಾದಿಂದ ನಿಂತುಹೋಗಿದ್ದ ಕಸಿ ಶಸ್ತ್ರಚಿಕಿತ್ಸೆಗಳು ಆ ಅಕ್ಟೋಬರಿನಲ್ಲಿ ಒಂದೊಂದಾಗಿ ಮತ್ತೆ ಶುರುವಾಗಿದ್ದವು. ಕಾಗದಪತ್ರ ಪೂರ್ತಿ ಇದ್ದವರಿಗೆ ಮೊದಲು ದಿನ ಗೊತ್ತುಮಾಡುತ್ತೇವೆ, ಉಳಿದವರು ಸಾಲಿನ ಕೊನೆಗೆ ಎಂದಿದ್ದರು. ನಮ್ಮಲ್ಲಿ ಇಲ್ಲದಿದ್ದದ್ದು ಆ ಒಂದೇ ಪತ್ರ. ನನ್ನ ಬಲ ದವಡೆಯಲ್ಲೋ, ಮೂರು ವಾರದಿಂದ ನೋವು.

ಕಿಡ್ನಿಗೂ ಹಲ್ಲಿಗೂ ಏನು ಸಂಬಂಧ ಎಂದು ಮಂಗಳೂರಿನ ಕಿಡ್ನಿ ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಅವರು ಬೇಸರಿಸದೆ ವಿವರಿಸಿದರು. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲೆಂದು ಕೊಡುವ ಮಾತ್ರೆಗಳು ಮೈಯ ಕಾವಲುಗಾರರನ್ನೇ ಮಲಗಿಸಿಬಿಡುತ್ತವೆ. ಆಗ ಹಲ್ಲಿನ ಬುಡದಲ್ಲಿ ಅಡಗಿದ್ದ ಒಂದು ತೊಟ್ಟು ಕೀವು ರಕ್ತಕ್ಕೆ ಇಳಿದರೂ ಸಾಕು, ಕಿಡ್ನಿಯೂ ಹೋಗಬಹುದು, ನಾನೂ ಹೋಗಬಹುದು. ವಾದಕ್ಕಿಳಿಯದೆ ಸರಿ ಎಂದು ಫೋನಿಟ್ಟೆ. ಅಪರೂಪಕ್ಕೆ ಹಾಗಾಗುತ್ತದೆ.

ಮೂಡಿಗೆರೆಯ ದಂತವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಅಲ್ಲಿನ ಸಹಾಯಕಿ, "ಈಗ ಎಮರ್ಜೆನ್ಸಿ ಮಾತ್ರ ನೋಡೂದು" ಅಂದಳು.

"ಎಮರ್ಜೆನ್ಸಿ ಅಂದ್ರೆ ಯಾವುದು?"

"ಮುಖ ಊದಿ ಜ್ವರ ಬಂದಿದ್ರೆ."

"ಹಾಗಾದ್ರೆ ಜ್ವರ ಇದ್ದವ್ರು ಬರಬಹುದು?"

"ಅಯ್ಯೋ ಇಲ್ಲ, ಜ್ವರ ಇದ್ರೆ ಒಳಗೆ ಬಿಡಲ್ಲ. ಕೋವಿಡ್ ಟೆಸ್ಟ್ ಆಗ್ಬೇಕು."

"ಅಂದ್ರೆ ಬರಬೇಕಾದವ್ರು ಬರೋ ಹಾಗಿಲ್ಲ, ಬರೋಕಾಗುವವ್ರು ಬರಬೇಕಾಗಿಲ್ಲ?"

"ಅಕ್ಕಾ, ನಂಗೆ ಹೇಳಿಕೊಟ್ಟಿದ್ದು ನಾನು ಹೇಳ್ದೆ. ನಿಮ್ದು ಎಂತ ತೊಂದ್ರೆ, ಅದನ್ನ ಹೇಳಿ."

ಕಿಡ್ನಿ ಎಂದ ತಕ್ಷಣ ಫೋನು ಡಾಕ್ಟರ ಕೈಗೆ ಹೋಯಿತು. ಕಿಡ್ನಿ ಡಾಕ್ಟರ ಒಪ್ಪಿಗೆ ಪತ್ರವಿಲ್ಲದೆ ನಾನು ಮುಟ್ಟುವುದಿಲ್ಲ ಎಂದರು ಇವರು. ಏನು ಮಾಡುತ್ತೇವೆಂದು ಹಲ್ಲಿನವರು ಬರೆದುಕೊಡದೆ ನಾನು ಯಾವುದಕ್ಕೆ ಒಪ್ಪಲಿ ಎಂದರು ಅವರು. ನಾನು ಮೂಡಿಗೆರೆಯ ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವವಳು. ಎರಡು ದಿನ ಕಾದು, ಕೊನೆಗೆ ಎರಡೂ ಪತ್ರಗಳನ್ನು ನಾನೇ ಟೈಪ್ ಮಾಡಿ ಇಬ್ಬರಿಗೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಇಬ್ಬರೂ ಒಂದೆರಡು ಸಾಲು ತಿದ್ದಿ ಸಹಿ ಹಾಕಿದರು. ಯಾರು ಮೊದಲು ಹಾಕಿದರೋ ಇವತ್ತಿಗೂ ತಿಳಿಯದು. ಸಾಮಾನ್ಯ ನೋವಿನ ಮಾತ್ರೆ ಕೂಡದು, ಡಯಾಲಿಸಿಸ್ ವೇಳೆ ಕೊಡುವ ರಕ್ತ ತೆಳುವಾಗಿಸುವ ಔಷಧ ಇಳಿದಿರಬೇಕಾದ್ದರಿಂದ ಡಯಾಲಿಸಿಸ್‌ನ ಮರುದಿನವೇ ಬರಬೇಕು, ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಬಿ.ಪಿ. ಪಟ್ಟಿ ಸುತ್ತಬಾರದು. ಇಷ್ಟು ಷರತ್ತು.

ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬರಿಗೇ ಪ್ರವೇಶ. ಅಮ್ಮ ಹೊರಗೆ ಉಳಿದಳು. ಒಳಗೆ ನೀಲಿ ಗೌನು, ಮಾಸ್ಕು, ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ ತೊಟ್ಟ ಇಬ್ಬರು. ಒಬ್ಬರ ಎದೆಯ ಮೇಲೆ ಮಾರ್ಕರಿನಲ್ಲಿ ‘ಡಾಕ್ಟರ್’ ಎಂದು ಬರೆದಿತ್ತು. ಏಳು ತಿಂಗಳಿಂದ ಲೋಕವೆಲ್ಲ ಬಾಯಿ ಮುಚ್ಚು ಎನ್ನುತ್ತಿತ್ತು, ಇವರು ತೆಗಿ ಎಂದರು. ಮೊದಲು ಒಂದು ಪೇಪರ್ ಕಪ್ಪಿನಷ್ಟು ಕಂದು ಬಣ್ಣದ ಔಷಧನೀರು ಕೊಟ್ಟು ಮುಕ್ಕಳಿಸಲು ಹೇಳಿದರು. ಕಿಡ್ನಿ ಕೆಟ್ಟು, ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯುವವರಿಗೆ ಬಾಯಿತುಂಬ ನೀರು ಎಂದರೇನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಕೆಟ್ಟ ರುಚಿಯಿದ್ದರೂ ಉಗುಳಲು ತಡಮಾಡಿದೆ.

"ಯಾವ ಹಲ್ಲಮ್ಮಾ?"

ನಾನು ತಯಾರಾಗಿ ಹೋಗಿದ್ದೆ. ಮೂರು ವಾರದ ನೋವನ್ನು ಬೆಳಿಗ್ಗೆ, ಸಂಜೆ, ಬಿಸಿ, ತಣ್ಣಗೆ ಎಂದು ಖಾನೆ ಹಾಕಿ ಬರೆದ ಹಾಳೆ ಮುಂದಿಟ್ಟೆ. ಕೆಳಗಿನ ಬಲ ದವಡೆ, ಹಿಂದಿನಿಂದ ಎರಡನೆಯದು. ಹೈಸ್ಕೂಲಿನಲ್ಲಿ ಸಿಮೆಂಟ್ ತುಂಬಿಸಿದ್ದೂ ಅದಕ್ಕೇ. ಒತ್ತಿದರೆ ನೋಯುವುದೂ ಅದೇ. ಅವರು ಆ ಹಲ್ಲಿನ ಎಕ್ಸ್‌ರೇ ತೆಗೆದು ಪರದೆಯ ಹತ್ತಿರ ಬಗ್ಗಿದರು.

"ಸಿಮೆಂಟಿನ ಕೆಳಗೆ ನೆರಳು ಇದ್ದ ಹಾಗೂ ಕಾಣ್ತದೆ, ಇಲ್ಲದ ಹಾಗೂ ಕಾಣ್ತದೆ. ಬೇರೆ ಟೈಮಾದ್ರೆ ಕೊರೆದು ನೋಡ್ತಿದ್ದೆ. ಈಗ ಡ್ರಿಲ್ ಹಾಕಿದ್ರೆ ನಿಮ್ಮ ಉಗುಳು ರೂಮಿಡೀ ಹಾರತ್ತೆ, ಅದು ಬೇಡ. ಅನುಮಾನದ ಹಲ್ಲು ಇಟ್ಕೊಂಡು ಕಸಿಗೆ ಹೋಗೋ ಹಾಗೂ ಇಲ್ಲ. ಕೀಳೋದೊಂದೇ ದಾರಿ." ಸ್ವಲ್ಪ ತಡೆದು, "ಮೇಲಿನದ್ದೂ ಒಂದ್ಸಲ ನೋಡೋಣ್ವಾ ಅಂತ" ಎಂದರು.

"ಸಾರ್, ನೋವು ನಂದು. ಎಲ್ಲಿ ನೋಯ್ತಾ ಇದೆ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಸಿಮೆಂಟ್ ಇದೆ, ನೆರಳಿದೆ, ಒತ್ತಿದ್ರೆ ನೋವಿದೆ. ಮೇಲಿನದ್ದರ ವಿರುದ್ಧ ಏನಿದೆ ಹೇಳಿ."

"ಲಾ ಓದಿದ್ದೀರಾ?"

"ಇಲ್ಲ ಸಾರ್, ಬಿ.ಎ."

ಅವರು ಪ್ಲಾಸ್ಟಿಕ್ ಹಾಳೆಯ ಹಿಂದೆ ನಿಟ್ಟುಸಿರಿಟ್ಟರು. ಹಾಳೆ ಮಂಜಾಯಿತು. ಬಾಯಿ ತೆರೆದಿರುವ ಹೊತ್ತು ಆದಷ್ಟು ಕಡಿಮೆಯಿರಬೇಕೆಂಬ ಅವಸರ ಅವರಿಗೂ ಇತ್ತು. ಕೆಳದವಡೆಗೆ ಚುಚ್ಚಲು ಸಿರಿಂಜು ಕೈಗೆತ್ತಿಕೊಂಡರು. ನಾನು ಗೆದ್ದಿದ್ದೆ.

"ಡಾಕ್ಟ್ರೆ, ಅವಳ ಮಾತು ಕೇಳಿ ಕೀಳ್ಬೇಡಿ!"

ಸೋಂಕು ನಿಲ್ಲದಿರಲೆಂದು ಏ.ಸಿ. ಆರಿಸಿ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಒಂದು ಕಿಟಕಿಯ ಸರಳಿನಾಚೆ ಅಮ್ಮನ ತಲೆ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತು ಕೇಳುತ್ತಿದ್ದಳೋ.

"ಯಾರಿದು?" ಅಂದರು ಡಾಕ್ಟರು.

"ಅವಳ ತಾಯಿ ಸಾರ್. ಅವಳು ಮಾತಲ್ಲಿ ಯಾರನ್ನ ಬೇಕಾದ್ರೂ ಗೆಲ್ತಾಳೆ. ಗೆದ್ಲು ಅಂತ ಹಲ್ಲು ಕೀಳೂದಾ? ನಾನು ಎಸ್ಟೇಟಲ್ಲಿ ಬೋರರ್ ಹುಡುಕೋಳು. ತುದೀಲಿ ಎಲೆ ಹಳದಿ ಆಗಿರ್ತದೆ, ಹುಳ ಇರೂದು ಬುಡದಲ್ಲಿ. ಹಳದಿ ಕಂಡಲ್ಲಿ ಕತ್ತಿ ಹಾಕಿದ್ರೆ ಮೇಸ್ತ್ರಿ ಬೈತಾರೆ. ಕಾಂಡ ತಿಕ್ಕಿ ನೋಡ್ಬೇಕು ಸಾರ್."

ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳ. ಮಳೆ ಮುಗಿದು ಕೊಯ್ಲು ಶುರುವಾಗುವ ಮುಂಚೆ ಹೆಂಗಸರು ಸಾಲು ಹಿಡಿದು ಒಂದೊಂದೇ ಗಿಡದ ಕಾಂಡ ತಿಕ್ಕಿ ನೋಡುತ್ತಾ ಹೋಗುತ್ತಾರೆ. ಸಿಪ್ಪೆಯ ಕೆಳಗೆ ಉಬ್ಬಿದ ಗೆರೆ ಸಿಕ್ಕಿತೋ, ಆ ಗಿಡವನ್ನು ಕಿತ್ತು ಸುಡಬೇಕು. ಗುರುತು ತಪ್ಪಿದರೆ ಒಳ್ಳೆಯ ಗಿಡ ಹೋಗುತ್ತದೆ, ಹುಳ ಉಳಿಯುತ್ತದೆ. ಅಮ್ಮ ಇಪ್ಪತ್ತು ವರ್ಷದಿಂದ ಇದನ್ನು ಮಾಡುತ್ತಿದ್ದಾಳೆ.

ಕುರ್ಚಿಯಲ್ಲಿ ಮಲಗಿದಲ್ಲಿಂದಲೇ ನಾನು, "ಅಮ್ಮಾ, ಹಲ್ಲು ಕಾಫಿ ಗಿಡ ಅಲ್ಲ. ಹೋಲಿಕೆ ಕೊಟ್ರೆ ಅದು ಸಾಕ್ಷಿ ಆಗಲ್ಲ" ಅಂದೆ.

"ಸಾಕ್ಷಿ ಗೀಕ್ಷಿ ನಂಗೊತ್ತಿಲ್ಲ ಮಾರಾಯ್ತಿ. ನನ್ನ ಕಿಡ್ನಿ ಹೋಗೋ ಜಾಗ ಕಣೆ ಅದು. ಅಲ್ಲಿ ಹುಳ ಇಟ್ಕೊಂಡು ಬರಬೇಡ."

ಡಾಕ್ಟರು ನಕ್ಕರು. "ನಮ್ದೂ ಎರಡೆಕ್ರೆ ತೋಟ ಇದೆ ಅಮ್ಮ. ತಿಕ್ಕಿಯೇ ನೋಡೋಣ." ಆಮೇಲೆ ನನ್ನ ಕಡೆ ತಿರುಗಿ, "ಮರಗಟ್ಟೋ ಇಂಜೆಕ್ಷನ್ ಮೊದಲು ಮೇಲಿನ ಹಲ್ಲಿಗೆ ಮಾತ್ರ ಕೊಡ್ತೀನಿ. ಕೆಳಗಿನ ನೋವು ಹಾಗೇ ಉಳಿದ್ರೆ ನೀವು ಹೇಳಿದ್ದೇ ಸರಿ. ಹೋದ್ರೆ ಅಮ್ಮ ಗೆದ್ರು. ಒಪ್ಪಿಗೆನಾ?"

ಒಪ್ಪದಿರಲು ಕಾರಣವಿರಲಿಲ್ಲ. ನನ್ನ ಮಾತು ಸುಳ್ಳಾಗಬಹುದಾದ ಪರೀಕ್ಷೆ, ಅಂಥದ್ದನ್ನೇ ಅಲ್ಲವೇ ನಾನು ಎಲ್ಲರಿಂದ ಕೇಳುತ್ತಿದ್ದುದು. ಕಷಾಯ ಕುಡಿದರೆ ಕೊರೊನಾ ಬರುವುದಿಲ್ಲ ಎಂದ ಪಕ್ಕದ ಮನೆಯವರಿಂದಲೂ. ಮೇಲೆ ಚುಚ್ಚಿದರು. ಕೆನ್ನೆ ದಪ್ಪವಾಯಿತು. ಮೂರು ವಾರದಿಂದ ಬೀಡುಬಿಟ್ಟಿದ್ದ ನೆಂಟ ಒಂದು ಮಾತೂ ಹೇಳದೆ ಎದ್ದುಹೋದಂತೆ, ಕೆಳಗಿನ ಹಲ್ಲಿನ ನೋವು ಹೋಯಿತು.

ನಾಲಿಗೆಯಿಂದ ಒತ್ತಿ ನೋಡಿದೆ. ಕೆಳದವಡೆ ಮರಗಟ್ಟಿರಲಿಲ್ಲ, ನಾಲಿಗೆ ತಾಗಿದ್ದು ಗೊತ್ತಾಗುತ್ತಿತ್ತು. ನೋವು ಮಾತ್ರ ಇರಲಿಲ್ಲ. ಬೆರಳಿನಿಂದ ಒತ್ತಿದೆ. ಇಲ್ಲ.

ಮೇಲಿನ ಹಲ್ಲಿನ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಉದ್ದಿನ ಕಾಳಿನಷ್ಟು ಕಪ್ಪು ಕಂಡಿತು. ಎರಡು ದವಡೆಗೂ ಒಂದೇ ನರದ ಕವಲು, ಸುದ್ದಿ ಯಾವ ಕವಲಿನಿಂದ ಬಂತೆಂದು ಮಿದುಳಿಗೆ ಗೊಂದಲವಾಗುತ್ತದೆ ಎಂದು ಡಾಕ್ಟರು ವಿವರಿಸಿದರು. ಅರ್ಥವಾಯಿತು, ಸಮಾಧಾನವಾಗಲಿಲ್ಲ. ಬೇರೆಯವರ ಮಾತಿನ ಮೇಲೆ ಅನುಮಾನ ಪಡುವುದು ನನಗೆ ಗೊತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿಸಿ, ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ ಮಾತಾಡಿಸುತ್ತಿದ್ದರು. ಯಾವ ಚೀಟಿ ಬಂದರೂ ನಾನು ಬಹುಮಾನ ತರುತ್ತಿದ್ದೆ. ಆದರೆ ಇಲ್ಲಿ ನೋಯುತ್ತಿದೆ ಎಂದು ನನ್ನದೇ ದವಡೆ ಹೇಳಿದರೆ, ಅದಕ್ಕೆ ಯಾವ ಅಡ್ಡಪ್ರಶ್ನೆ ಹಾಕುವುದು? ಇದೇ ಸುಳ್ಳಾದರೆ ಇನ್ನು ಯಾವುದನ್ನು ಹಿಡಿದು ಮಾತು ಶುರುಮಾಡುವುದು?

ಕೀಳುವುದು ಬೇಗ ಮುಗಿಯಿತು. ಉಳಿದ ಹಲ್ಲುಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿದರು; ಕೆಳಗಿನದ್ದರ ನೆರಳು ಹಳೆಯ ಸಿಮೆಂಟಿನದೇ ಎಂದರು. ಸೋಂಕಿದ್ದ ಹಲ್ಲು ತೆಗೆದಿದೆ, ಬೇರೆ ಸೋಂಕಿಲ್ಲ, ಗಾಯ ಮಾಯ್ದ ಮೇಲೆ ಕಸಿಗೆ ಅಡ್ಡಿಯಿಲ್ಲ ಎಂದು ಪತ್ರ ಬರೆದು ಕಿಟಕಿಯಿಂದಲೇ ಅಮ್ಮನ ಕೈಗೆ ಕೊಟ್ಟರು. ನನ್ನ ಬಾಯಿಗೆ ಹತ್ತಿಯ ಉಂಡೆ.

"ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಕೊಂಡಿರಿ. ಕಿಡ್ನಿಯವರಿಗೆ ರಕ್ತ ನಿಲ್ಲೋದು ನಿಧಾನ. ಮಾತಾಡ್ಲೇಬಾರ್ದು."

"ಅದನ್ನೂ ಬರೆದು ಕೊಡಿ ಸಾರ್" ಅಂದಳು ಅಮ್ಮ.

ಬಸ್ಸಿನಲ್ಲಿ ಒಂದು ಬಿಟ್ಟು ಒಂದು ಸೀಟಿಗೆ ಕೂರಬೇಡಿ ಎಂಬ ಗುರುತು ಅಂಟಿಸಿದ್ದರು. ಅಮ್ಮ ಆ ಗುರುತಿನ ಮೇಲೆಯೇ, ನನ್ನ ಪಕ್ಕಕ್ಕೆ ಕೂತಳು. ಬಸ್ಸು ಹೊರಡುವ ಮೊದಲೇ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

"ಇವತ್ತು ನಾನು ಮಾತಾಡ್ತೀನಿ. ನೀನು ಕಚ್ಕೊಂಡಿರು."

ಕಿಡ್ನಿಯ ಮಾತು ಬಂದಾಗಲೆಲ್ಲ ನಾನು ಬೇಡ ಎನ್ನುವ ಕಡೆ ನಿಲ್ಲುತ್ತಿದ್ದೆ. ಒಂದೇ ಕಿಡ್ನಿಯಲ್ಲಿ ನೀನು ಎಸ್ಟೇಟಿನ ಆ ಇಳಿಜಾರು ಹತ್ತುವುದು ಹೇಗೆ, ನನಗೆ ಹಾಕಿದ್ದು ಕೆಟ್ಟರೆ ಇಬ್ಬರದೂ ನಷ್ಟ, ತಾಯಿಯಾದವಳಿಗೆ ಇಲ್ಲ ಎನ್ನುವ ಅವಕಾಶವೇ ಇಲ್ಲದ ಮೇಲೆ ಅವಳ ಹೂಂ ಯಾವ ಲೆಕ್ಕದ ಒಪ್ಪಿಗೆ. ಅವಳು ಒಂದು ವಾಕ್ಯ ಮುಗಿಸುವುದರೊಳಗೆ ನನ್ನದು ಮೂರಾಗಿರುತ್ತಿದ್ದವು. ಪರೀಕ್ಷೆಗಳಿಗೆ ಹೋಗಿದ್ದೆ, ಆದರೆ ಒಪ್ಪಿದ್ದೇನೆ ಎಂದು ಅವಳಿಗೆ ಇನ್ನೂ ಹೇಳಿರಲಿಲ್ಲ.

"ನನ್ನ ಪರವಾಗಿ ವಾದ ಮಾಡ್ತಿದೀನಿ ಅಂತ ನಿಂಗೆ ಅನ್ಸೂದು. ನನ್ನ ಒಂದಿನನಾದ್ರೂ ಕೇಳಿದ್ಯೇನೆ? ಆಪರೇಷನ್ ಅಂದ್ರೆ ಹೆದರಿಕೆ ಇದೆ ನಂಗೆ. ಕೊಡ್ಬೇಕು ಅಂತ್ಲೂ ಇದೆ. ಎರಡೂ ಇದೆ, ಒಟ್ಟಿಗೇ. ನೀನು ಒಂದು ಕಡೆ ಹೇಳು ಅಂತೀಯ. ಒಂದು ಕಡೆ ಇಲ್ಲ ಕಣೆ."

ನಾನು ಕೈಯೆತ್ತಿದೆ. ಅವಳು ಕೈ ಹಿಡಿದು ಕೆಳಗಿಟ್ಟಳು.

"ಒಂದು ಕಿಡ್ನಿಲಿ ಗುಡ್ಡ ಹತ್ತೋಕಾಗತ್ತಾ ಅಂತ ಕೇಳ್ತೀಯಲ್ಲ, ಎರಡಿಟ್ಕೊಂಡು ಈಗ ಎಂತ ಕಡಿದು ಗುಡ್ಡೆ ಹಾಕಿದೀನಿ? ನೀನು ಡಯಾಲಿಸಿಸ್‌ಗೆ ಹೋದ ದಿನ ನಾನು ಗಿಡ ನೋಡ್ತಾ ನೋಡ್ತಾ ಎರಡೆರಡು ಸಾಲು ಹಾಗೇ ಬಿಟ್ಟು ಮುಂದೆ ಹೋಗಿರ್ತೀನಿ. ಇಪ್ಪತ್ತು ವರ್ಷದಲ್ಲಿ ಮೇಸ್ತ್ರಿ ಹತ್ರ ಬೈಸ್ಕೊಂಡವಳಲ್ಲ, ಈಗ ವಾರಕ್ಕೆ ಮೂರು ದಿನ ಬೈಸ್ಕೊಳ್ತೀನಿ. ಅದು ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಸಾಲು ಬಿಡುವುದೆಂದರೆ ಏನೆಂದು ಮಾತ್ರ ಗೊತ್ತಿತ್ತು. ಅವಳ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಇಷ್ಟು ದಿನ ನಾನು ನೋವು ಇರುವುದು ಇಳಿಜಾರಿನಲ್ಲಿ, ಅವಳ ಮುಂದಿನ ವರ್ಷಗಳಲ್ಲಿ ಎಂದುಕೊಂಡು ಅಲ್ಲಿಗೇ ಬೊಟ್ಟುಮಾಡುತ್ತಿದ್ದೆ. ಹಾಗಾದರೆ ನನ್ನ ವಾದ ತಪ್ಪೇ? ಅದೂ ಗೊತ್ತಾಗಲಿಲ್ಲ. ಇಳಿಜಾರು ಇರುವುದೂ ನಿಜ, ಬಿಟ್ಟ ಸಾಲುಗಳೂ ನಿಜ. ಇಂಜೆಕ್ಷನ್ ಇಳಿಯುತ್ತಾ ಬಂದು, ಈಗ ಇಲ್ಲದ ಹಲ್ಲಿನ ಜಾಗದಲ್ಲಿ ನೋವು ಶುರುವಾಗಿತ್ತು. ಅದನ್ನಾದರೂ ನಂಬಬಹುದೇ ಎಂದು ಯೋಚಿಸುತ್ತಾ ಕೂತೆ.

ದಾರಿಯಲ್ಲಿ ಬಣಕಲ್ ಬಂತು. ಅಮ್ಮ ನನ್ನ ಕೈಗಡಿಯಾರವನ್ನು ತನ್ನ ಕಡೆ ತಿರುಗಿಸಿ ನೋಡಿದಳು.

"ಮುಕ್ಕಾಲು ಗಂಟೆ ಆಯ್ತು. ಹತ್ತಿ ತೆಗಿ. ಎಂತ ಹೇಳೂದಿದೆ, ಹೇಳು."

ನಾನು ಹತ್ತಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿ, ಇನ್ನು ಐದು ನಿಮಿಷ ಎಂದು ಬೆರಳು ತೋರಿಸಿದೆ. ಡಾಕ್ಟರು ಹೇಳಿದ ಹೊತ್ತು ಮುಗಿದಿತ್ತು, ಐದು ನಿಮಿಷ ಉಳಿದಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

"ಆಯ್ತು, ಇರ್ಲಿ" ಎಂದು, ಪತ್ರವಿದ್ದ ಪ್ಲಾಸ್ಟಿಕ್ ಕವರನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು, ಅಮ್ಮ ಮಾತು ಮುಂದುವರಿಸಿದಳು.